ಬೋರ್ 620 ಫೂಟಿಗೂ ಬರೇ ಧೂಳು: ಮಂದಿ ಜಾಸ್ತಿ ಆಗಿದ್ದಕ್ಕ ಹಿಂಗಾತೋ, ಬ್ಯಾರೆ ಏನರ ಅದನೋ?

ಉಣಕಲ್_ಕಟ್ಟಿ
ನಮಸ್ಕಾರ ಎಲ್ಲಾರಿಗೂ. ಹುಬ್ಬಳ್ಳಿ ಉಣಕಲ್ ಕಡೆ ಒಂದು ಲೇಔಟಿನ್ಯಾಗ ಇರ್ತೀನಿ. ನಿನ್ನೆ ಬಾಜೂ ಪ್ಲಾಟಿನವರು ಬೋರ್ ಹೊಡಸಿದ್ರು. 620 ಫೂಟ್ ಹೋದ್ರೂ ಬರೇ ಧೂಳು. ಮನಿ ಮಂದಿಯೆಲ್ಲಾ ಕಾಯಿ ಒಡದು, ಊದಿನಕಡ್ಡಿ ಹಚ್ಚಿ ಕುಂತಿದ್ರು, ಪಾಪ. ಹನ್ನೆರಡು ವರ್ಷದ ಹಿಂದ ನಾವು ಹೊಡಸಿದಾಗ 240ಕ್ಕ ನೀರು ಚಿಮ್ಮಿತ್ತು. ಈಗ ನಮ್ಮದೂ ತಾಸಿಗೆ ನಾಕು ಕೊಡ. ನಳ ಎಂಟು ದಿನಕ್ಕೊಮ್ಮಿ, ಅದೂ ನಡುರಾತ್ರಿ.

ನಮ್ಮ ಮಾವನವರದು ಒಂದೇ ಮಾತು: "ಮಂದಿ ಇರುವಿ ಹಂಗ ಆಗ್ಯಾರ, ನೀರು ಎಲ್ಲಿಂದ ಬರಬೇಕು?" ನಾನೂ ಗಣತಿ ಅಂಕಿ ತಗದು ನೋಡಿದೆ. ಹುಬ್ಬಳ್ಳಿ-ಧಾರವಾಡ ಎರಡೂ ಕೂಡಿ 1971ರಾಗ 3.79 ಲಕ್ಷ, 2011ರಾಗ 9.43 ಲಕ್ಷ. ನಲವತ್ತು ವರ್ಷದಾಗ ಎರಡೂವರಿ ಪಟ್ಟು. ಕೆರಿ ಮಾತ್ರ ಅವೇ. ಮಳಿ ಮಾತ್ರ ಅದೇ. ಹಂಗಾರ ಮಾವನವರು ಹೇಳೋದು ಖರೇನ?

ಲೈನ್_ಬಜಾರ್_ಪೇಡಾ
620ಕ್ಕ ಅಂಜಿದ್ರಿ? ನಮ್ಮ ಕಡೆ 800 ಹೋದ್ರೂ ಹೊಗಿ. ಉದ್ಧಾರ ಆದವ್ರು ಅಂದ್ರ ಬೋರ್ ಲಾರಿಯವ್ರು ಒಬ್ರ.

ರಾಯಾಪುರದಾಕಿ
ಮಾವನವರು ಹೇಳಿದ್ದರಾಗ ತಪ್ಪೇನದ? ಲೆಕ್ಕ ಸೀದಾ ಅದ. ಹತ್ತು ಮಂದಿ ಉಣ್ಣೋ ಗಂಗಾಳದಾಗ ಇಪ್ಪತ್ತೈದು ಮಂದಿ ಕುಂತ್ರ ಯಾರ ಹೊಟ್ಟಿನೂ ತುಂಬಂಗಿಲ್ಲ. ಇದಕ್ಕ ದೊಡ್ಡ ಶಾಸ್ತ್ರ ಬೇಕಾಗಿಲ್ಲ. ಕಾಡು ಹೋತು, ಕೆರಿ ಹೋತು, ಪಿ.ಬಿ. ರೋಡಿನ ಗಿಡ ಹೋದವು. ಬಿಆರ್‌ಟಿಎಸ್, ಅಂದ್ರ ಬಸ್ಸಿನ ಬ್ಯಾರೆ ದಾರಿ, ಅದರ ಸಲುವಾಗಿ ಎಷ್ಟು ಗಿಡ ಕಡದ್ರು ನೋಡೀರಲ್ಲ? ಮಂದಿ ಓಡ್ಯಾಡಬೇಕು, ರೋಡ್ ಅಗಲ ಆಗಬೇಕು. ಎಲ್ಲಾದರ ಬುಡಕ್ಕೂ ಮಂದಿ.

ಚಿಗರಿ_ಸವಾರ
ಗಿಡ ಕಡದು ಓಡಿಸಿದ ಬಸ್ಸಿಗೆ ಹೆಸರು "ಚಿಗರಿ", ಅಂದ್ರ ಜಿಂಕಿ. ಇದಕ್ಕ ನಗಬೇಕೋ ಅಳಬೇಕೋ ನನಗ ಇನ್ನೂ ತಿಳಿದಿಲ್ಲ.

ವಿಜಯನಗರ_ಎಂಜಿನಿಯರ್
ಸ್ವಲ್ಪ ಲೆಕ್ಕ ಹಾಕೋಣ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಯೋಜನೆ ಮಾಡುವವರ ಮಾನದಂಡ. 9.43 ಲಕ್ಷ ಮಂದಿಗೆ ಹಿಡಿದರೆ ದಿನಕ್ಕೆ ಸುಮಾರು 12.7 ಕೋಟಿ ಲೀಟರ್. ಅದೂ 2011ರ ಮಂದಿಗೆ. ಉಣಕಲ್ ಕೆರೆ ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟದ್ದು. ಆಮೇಲೆ ನೀರಸಾಗರ, ಅದೂ ಸಾಲದಾದಾಗ ಸವದತ್ತಿಯ ನವಿಲುತೀರ್ಥದಿಂದ ಮಲಪ್ರಭೆ. ಊರು ಬೆಳೆದ ಹಾಗೆ ಪೈಪು ದೂರ ಹೋಗುತ್ತಾ ಬಂತು. ಹಾಗಾಗಿ ಮಂದಿಯ ಸಂಖ್ಯೆಗೆ ಸಂಬಂಧವೇ ಇಲ್ಲ ಅನ್ನುವುದು ಸುಳ್ಳು.

ಆದರೆ ಅದೇ ಗಣತಿಯ ಇನ್ನೊಂದು ಮುಖ ನೋಡಿ. ಅವಳಿನಗರ 1971ರಿಂದ 81ಕ್ಕೆ ಶೇ. 39ರಷ್ಟು ಬೆಳೆಯಿತು. 2001ರಿಂದ 2011ಕ್ಕೆ 7.86 ಲಕ್ಷದಿಂದ 9.43 ಲಕ್ಷ, ಅಂದರೆ ಶೇ. 20. ಬೆಳೆಯುವ ವೇಗ ಅರ್ಧಕ್ಕೆ ಇಳಿದಿದೆ. ಬೋರಿನ ಆಳ ಮಾತ್ರ ಈಗಲೇ ಓಡುತ್ತಿದೆ. ಮಂದಿಯೊಂದೇ ಕಾರಣವಾಗಿದ್ದರೆ ಎರಡೂ ಜೊತೆಗೇ ನಡೆಯಬೇಕಿತ್ತಲ್ಲವೇ?

ರಾಯಾಪುರದಾಕಿ
ವೇಗ ಕಡಿಮಿ ಆದ್ರ ಏನಾತು, ಮಂದಿ ಏರೋದು ನಿಂತದೇನು? ಕೊಡ ತುಂಬಿದ ಮ್ಯಾಲ ಹನಿ ಹನಿ ಬಿದ್ದರೂ ಚೆಲ್ಲತದ.

ಕುಂದಗೋಳ_ಕೊಡಪಾನ
ಅಕ್ಕಾರ, ನಿಮ್ಮ ಮನ್ಯಾಗ ಕೊಡ ತುಂಬತದ ಅನ್ನೋದ ನಮಗ ದೊಡ್ಡ ಸುದ್ದಿ.

ಗಣತಿ_ಮಾಸ್ತರ
ನಾ ನಿವೃತ್ತ ಸಾಲಿ ಮಾಸ್ತರ. 1981ರಿಂದ 2011ರ ತನಕ ನಾಕು ಗಣತಿ ಕೆಲಸ ಮಾಡೇನಿ, ಧಾರವಾಡದಾಗ ಮೂರು, ಹುಬ್ಬಳ್ಳ್ಯಾಗ ಒಂದು. ಅಂಕಿ ಅಂದ್ರ ನಿಮಗ ಪುಸ್ತಕದಾಗಿನದು, ನನಗ ಹೊಚ್ಚಲ ದಾಟಿ ಬರದಿದ್ದು.

1981ರಾಗ ಧಾರವಾಡದ ಒಂದು ಹಳೇ ವಾಡೆಕ್ಕ ಹೋಗಿದ್ದೆ. ಅಜ್ಜ, ಅವರ ಮೂವರು ಗಂಡಮಕ್ಕಳು, ಸೊಸೆಂದ್ರು, ಮೊಮ್ಮಕ್ಕಳು, ಮತ್ತ ಬ್ಯಾಂಕಿನ ಕೆಲಸಕ್ಕ ಬಂದ ಒಬ್ಬ ಅಳಿಯ. ಒಟ್ಟು 19 ಮಂದಿ. ಒಲಿ ಒಂದು. ಹಿತ್ತಲದಾಗ ಬಾವಿ ಒಂದು, ಸಂಡಾಸ ಒಂದು. ನನ್ನ ಕಾಗದದಾಗ ಅದು ಒಂದೇ ಕುಟುಂಬ, ಒಂದೇ ಸಾಲು. ಚಹಾ ಕೊಟ್ಟು "ಮಾಸ್ತರ್ರ, ಇನ್ನೊಂದು ಹಾಳಿ ಬೇಕೇನು?" ಅಂತ ಚಾಷ್ಟಿ ಮಾಡಿದ್ರು.

2011ರಾಗ ಅದೇ ಓಣಿ ನನ್ನ ಪಾಲಿಗೆ ಬಂತು. ವಾಡೆ ಇರಲಿಲ್ಲ. ಆ ಜಾಗಾದಾಗ ಮೂರಂತಸ್ತಿನ ಕಟ್ಟಡ, ಆರು ಮನಿ. ಆರೂ ಮನಿ ಕೂಡಿ ಎಷ್ಟು ಮಂದಿ ಅಂತೀರಿ? 17. ಎರಡು ಮನ್ಯಾಗ ಇಬ್ಬಿಬ್ಬರ, ವಯಸ್ಸಾದವರು. ಮಂದಿ ಎರಡು ಕಡಿಮಿ ಆಗಿದ್ರು ನೋಡ್ರಿ! ಆದ್ರ ಒಲಿ ಆರು, ಸಂಡಾಸ ಹತ್ತೋ ಹನ್ನೊಂದೋ, ವಾಷಿಂಗ್ ಮಷೀನ್ ಐದು, ಮ್ಯಾಲ ಆರು ಸಿಂಟೆಕ್ಸ್, ಕೆಳಗ ನಾಕು ಕಾರು. ಬಾವಿ ಮುಚ್ಚಿ ಅದರ ಮ್ಯಾಲ ಪಾರ್ಕಿಂಗ್. ಅಂಗಳಕ್ಕ ಪೂರಾ ಕಾಂಕ್ರೀಟು, ಒಂದು ತಂಬಿಗಿ ನೀರು ಸೈತ ನೆಲಕ್ಕ ಇಳಿಯೂ ಹಂಗಿಲ್ಲ.

ಅದಕ್ಕ ಮಂದಿ ಎಣಿಸಿದ್ರ ಸಾಲದು ಅನಸ್ತದ ನನಗ. ಮನಿ ಎಣಸ್ರಿ, ಒಲಿ ಎಣಸ್ರಿ. ತಲಿ ಏರಿದ್ದಕ್ಕಿಂತ ಮನಿ ಭಾಳ ಜೋರ ಏರ್ಯಾವ. ಬ್ಯಾರೆ ಆಗೋದು ತಪ್ಪಂತ ನಾ ಅನ್ನಂಗಿಲ್ಲ. ನನ್ನ ಇಬ್ಬರು ಮಕ್ಕಳೂ ಬ್ಯಾರೇನ ಇದ್ದಾರ, ನಾವಿಬ್ಬರೂ ಬ್ಯಾರೆ. ಮೂರು ಫ್ರಿಜ್.

ಉಣಕಲ್_ಕಟ್ಟಿ
ಮಾಸ್ತರ್ರ, ಇದು ನನ್ನ ತಲ್ಯಾಗ ಹೊಳದಿದ್ದಿಲ್ಲ. ನಮ್ಮ ಲೇಔಟಿನ್ಯಾಗೂ ಹಂಗ. 40 ಮನಿ, 40 ಬೋರು. ಮೂರು ಮನಿಗೆ ಕೀಲಿ, ಮಕ್ಕಳು ಬೆಂಗಳೂರು, ಪುಣೆ.

ನವಲಗುಂದ_ಬಂಡಾಯ
ಮಂದಿ ಏರ್ಯಾರ ಏರ್ಯಾರ ಅಂತೀರಲ್ಲ, ಎಲ್ಲಿಂದ ಏರಬೇಕ್ರಿ? ನಮ್ಮೂರಾಗ ಹೊಲಮನಿ ಮಾಡೋ ಹುಡುಗರಿಗೆ ಕನ್ಯಾ ಸಿಗವಲ್ವು. ಮೂವತ್ತೈದು ದಾಟಿದ ಹದಿನೆಂಟು ಮಂದಿ ಕಟ್ಟಿ ಮ್ಯಾಲ ಕುಂತಾರ.

ಡಾಕ್ಟರ್_ಅಲ್ಲ_ನರ್ಸ್
ನಗೋ ಮಾತಲ್ಲ, ಖರೇನ ಅದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಾಗ ಒಬ್ಬ ಹೆಣ್ಣಮಗಳಿಗೆ ಸರಾಸರಿ 1.7 ಮಕ್ಕಳು, ದೇಶಕ್ಕ 2.0. ಮಂದಿ ಇದ್ದಷ್ಟ ಉಳೀಬೇಕಂದ್ರ 2.1 ಬೇಕು. ನಾ ಕೆಲಸಕ್ಕ ಸೇರಿದಾಗ ನಾಕನೇ ಬಾಣಂತನಕ್ಕ ಬರೋರು ದಿನಾ ಇರ್ತಿದ್ರು, ಈಗ ಎರಡನೇದಕ್ಕ "ಬ್ಯಾಡ ಸಿಸ್ಟರ್, ಫೀ ಕಟ್ಟಾಕ ಆಗಂಗಿಲ್ಲ" ಅಂತಾರ. ಆದ್ರೂ ಒಟ್ಟು ಮಂದಿ ಇನ್ನೊಂದಿಷ್ಟು ವರ್ಷ ಏರತಾರ, ಯಾಕಂದ್ರ ಹಿಂದ ಹುಟ್ಟಿದ ಮಕ್ಕಳ ಈಗ ಹರೇದವರು. ಅವರು ಒಂದೊಂದ ಹಡದರೂ ಎಣಿಕಿ ಏರತದ. ರಾಯಾಪುರದಕ್ಕಾರು ಹೇಳೋ ಹನಿ ಅದ.

ಹಳೇಹುಬ್ಬಳ್ಳಿ_77
ಎಲ್ಲಾರೂ ಒಂದೇ ಥರ ಕಡಿಮಿ ಮಾಡ್ಯಾರೇನು? ಕೆಲವರು

*(ಈ ಪ್ರತಿಕ್ರಿಯೆ ಮತ್ತು ಇದಕ್ಕೆ ಬಂದ ನಾಲ್ಕು ಉತ್ತರ ತೆಗೆಯಲಾಗಿದೆ. ನಿರ್ವಾಹಕ: ಜಾತಿ-ಧರ್ಮದ ಜಗಳಕ್ಕ ಬ್ಯಾರೆ ಜಾಗಾ ಹುಡುಕ್ರಿ. ಇಲ್ಲೆ ನೀರಿನ ಮಾತು ನಡದದ.)*

ಗಬ್ಬೂರ_ಹೊಲದಾವ
ನೀವೆಲ್ಲಾ ನೀರು ಬರೋದರ ಬಗ್ಗೆ ಮಾತಾಡಾಕ್ಹತ್ತೀರಿ. ಹೋಗೋದರ ಬಗ್ಗೆ ನಾ ಹೇಳ್ತೀನಿ ಕೇಳ್ರಿ. ಹುಬ್ಬಳ್ಳಿ ನಾಲಾ ನಮ್ಮ ಹೊಲದ ಬಾಜೂಕ ಹರಿತೈತಿ. ನಿಮ್ಮ ಬಚ್ಚಲ, ಸಂಡಾಸ, ಎಲ್ಲಾ. ನಮ್ಮ ಅಪ್ಪನ ಕಾಲಕ್ಕ ಅದು ಹಳ್ಳ, ಮಳಿಗಾಲದಾಗ ಅಷ್ಟ ಹರಿತಿತ್ತು. ಈಗ ಹನ್ನೆರಡೂ ತಿಂಗಳು. ಬ್ಯಾಸಗ್ಯಾಗ ಸುತ್ತ ಹತ್ತೂರಾಗ ಹಸರು ಕಾಣೋದು ನಮ್ಮ ಹೊಲ ಒಂದ.

ಆ ನೀರ್ಲೆ ನಾವು ಬದನಿ, ಕೋತಂಬರಿ, ಪಾಲಕ ಬೆಳೀತೀವಿ. ಗೊಬ್ಬರ ಹಾಕೋದು ಬ್ಯಾಡ, ನೀರಾಗ ಐತಿ. ಆದ್ರ ಕಳೆ ವಿಪರೀತ, ಹುಳದ ಕಾಟ ವಿಪರೀತ, ಎಣ್ಣಿ ಹೊಡಿಯೋದು ವಾರಕ್ಕ ಎರಡು ಸಲ. ಕಾಲು ತುರಸ್ತಾವ. ನೀವು ಮಾರ್ಕೆಟ್ಟಿನ್ಯಾಗ "ಸೊಪ್ಪು ಎಷ್ಟು ಹಸರ ಐತಿ" ಅಂತ ಕೊಳ್ತೀರಿ. ನಿಮ್ಮದ ನಿಮಗ ತಿರುಗಿ ಬರಾಕ್ಹತ್ತೈತಿ ಅಷ್ಟ.

ಲೈನ್_ಬಜಾರ್_ಪೇಡಾ
ಅಣ್ಣಾ ಇನ್ನ ನಾ ಕೋತಂಬರಿ ಹೆಂಗ ತಿನ್ನಲಿ ಹೇಳು.

ಗಬ್ಬೂರ_ಹೊಲದಾವ
ತೊಳಕೊಂಡ ತಿನ್ನು. ನೀರಿದ್ರ.

ವಿಜಯನಗರ_ಎಂಜಿನಿಯರ್
ಗಬ್ಬೂರಿನವರು ಹೇಳಿದ್ದೇ ಮುಖ್ಯ. ಮನೆಗೆ ಬಂದ ನೀರಿನಲ್ಲಿ ಶೇ. 80 ಕೊಳಚೆಯಾಗಿ ಹೊರಬೀಳುತ್ತದೆ ಎಂದು ಲೆಕ್ಕ. ಅಂದರೆ ದಿನಕ್ಕೆ ಹತ್ತು ಕೋಟಿ ಲೀಟರ್. ಅದನ್ನು ಶುದ್ಧ ಮಾಡಿ ಕೆರೆಗೆ ಬಿಟ್ಟರೆ ಬೋರಿಗೂ ಜೀವ ಬರುತ್ತದೆ. ಹಾಗೇ ಬಿಟ್ಟರೆ ಉಣಕಲ್ ಕೆರೆಯಲ್ಲಿ ಅಂತರಗಂಗೆ ಹಬ್ಬಿದ ಹಾಗೆ ಆಗುತ್ತದೆ. ಆ ಕಳೆ ಬೆಳೆಯುವುದು ಕೊಳಚೆಯಲ್ಲಿರುವ ಸಾರಜನಕ, ರಂಜಕದಿಂದ. ಗಬ್ಬೂರಿನ ಪಾಲಕಕ್ಕೆ ಸಿಗುವ ಪುಕ್ಕಟೆ ಗೊಬ್ಬರವೂ ಅದೇ.

ಸಾಧನಕೇರಿ_ಸಂಜಿ
ಕೆರಿ ಅಂದಕೂಡ್ಲೆ ನೆನಪಾತು. ಧಾರವಾಡದಾಗ ಓಣಿ ಹೆಸರ ನೋಡ್ರಿ: ಸಾಧನಕೇರಿ, ಕೊಪ್ಪದಕೇರಿ, ಕೆಲಗೇರಿ, ಎಮ್ಮಿಕೇರಿ. ಊರ ತುಂಬ ಕೆರಿ ಇದ್ದವು. ಕೆಲವು ಉಳದಾವ, ಕೆಲವು ಹೆಸರಿನ್ಯಾಗ ಅಷ್ಟ.

ಶಬ್ದ_ಜಗಳಗಂಟ
ಕೇರಿ ಬ್ಯಾರೆ, ಕೆರಿ ಬ್ಯಾರೆ. ಕೇರಿ ಅಂದ್ರ ಓಣಿನೂ ಆಗ್ತದ. ಹೆಸರಿನ್ಯಾಗ "ಕೇರಿ" ಬಂದಲ್ಲೆಲ್ಲಾ ನೀರಿತ್ತು ಅನ್ನಬ್ಯಾಡ್ರಿ.

ಸಾಧನಕೇರಿ_ಸಂಜಿ
ಸಾಧನಕೇರ್ಯಾಗ ಕೆರಿ ನಿಮ್ಮ ಕಣ್ಣಮುಂದ ಅದಲ್ಲೋ ಮಾರಾಯ.

ಶಬ್ದ_ಜಗಳಗಂಟ
ಅದೊಂದು ಬಿಟ್ಟು. ಎಮ್ಮಿಕೇರಿ ಬಗ್ಗೆ ನನ್ನ ತಕರಾರು ಹಂಗ ಇರಲಿ.

ಗದಗಿನ_ಗಾಳಿ
ಅವಳಿನಗರದವರು ಎಂಟು ದಿನಕ್ಕ ಅಳತೀರಿ. ಗದಗ-ಬೆಟಗೇರ್ಯಾಗ ಹದಿನೈದು ದಿನ ಕಾದ ಮಂದಿ ನಾವು. ನೆಂಟರು ಬರ್ತೀವಿ ಅಂತ ಫೋನ್ ಮಾಡಿದ್ರ ಮೊದಲ ಕ್ಯಾಲೆಂಡರ್ ನೋಡ್ತೀವಿ, ನೀರ ಬಿಡೋ ದಿನ ಯಾವತ್ತು ಅಂತ. ನಮ್ಮ ಜಿಲ್ಲಾದಾಗ ಭಾಳ ಕಡೆ ಬೋರ್ ಹೊಡದ್ರ ಒಂದೋ ಸವಳು, ಇಲ್ಲಾ ಫ್ಲೋರೈಡ್. ಆಳಕ್ಕ ಹೋದ ಹಂಗ ನೀರು ಛಲೋ ಆಗ್ತದ ಅನ್ನೋ ಭ್ರಮಾ ಬಿಡ್ರಿ, ನಮ್ಮ ಹಿರ್ಯಾರ ಹಲ್ಲ ನೋಡ್ರಿ ತಿಳಿತದ.

ಹನ್ನೊಂದು ಕಿಲೋಮೀಟರ್ ದೂರದಾಗ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಮಾತು. ಎಣಿಸಿದ್ರ ಅಷ್ಟು ಸಿಗತಾವೋ ಇಲ್ಲೋ, ಮುಸುಕಿನ ಬಾವಿಗೆ ಒಮ್ಮಿ ಇಳದು ನೋಡ್ರಿ. ಸಾವಿರ ವರ್ಷದ ಹಿಂದ ಮಳಿ ಕಡಿಮಿ ಇರೋ ನಾಡಿನ್ಯಾಗ ನೀರಿಗೆ ಗುಡಿ ಕಟ್ಟಿದ ಹಂಗ ಕಟ್ಟ್ಯಾರ. ಮಂದಿ ಕಡಿಮಿ ಇದ್ದಾಗೂ ನೀರಿನ ಚಿಂತಿ ಇತ್ತು ಅಂದಂಗಾತಲ್ಲ?

ಇನ್ನೊಂದು. ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವ, ಹಿಮಾಲಯ ದಾಟಿ. 2024ರಾಗ ರಾಮ್ಸರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು-ಕೆರಿಗಳ ಪಟ್ಟಿ) ಸೇರೇದ ಆ ಕೆರಿ. ಹಕ್ಕಿ ಹಗಲು ನೀರಾಗ, ರಾತ್ರಿ ಸುತ್ತಲಿನ ಶೇಂಗಾ, ಕಡ್ಲಿ ಹೊಲದಾಗ. ಫೋಟೋ ತಗಿಯವ್ರು ಊರಿಗೆ ಹೋಗ್ತಾರ, ಮೇಯ್ಸೋದು ರೈತ.

ರಾಣೆಬೆನ್ನೂರ_ಬಯಲು
ಹಕ್ಕಿ ಮಾತು ಬಂತಂತ ಬರೀಲಿಕ್ಹತ್ತೀನಿ. ನಮ್ಮಲ್ಲೆ 1974ರಾಗ ಕೃಷ್ಣಮೃಗ ಅಭಯಾರಣ್ಯ ಮಾಡಿದ್ರು, 119 ಚದರ ಕಿಲೋಮೀಟರ್. ಚಿಗರಿ ಬೇಕಾದಷ್ಟು ಅದಾವ, ಗೋಂಜಾಳ ಸಸಿ ಮೇಯಾಕ ರಾತ್ರಿ ಹಿಂಡಿಗಟ್ಟಲೆ ಬರ್ತಾವ. ಆದ್ರ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಒಂದು ಮೀಟರ್ ಎತ್ತರದ್ದು, ನಮ್ಮಜ್ಜ ನೋಡಿದ್ದು, ಈಗ ಇಲ್ಲ. ಮಂದಿ ಜಾಸ್ತಿ ಆಗಿದ್ದಕ್ಕ ಹೋತೇನು? ಬೇಟಿನೂ ಕಾರಣ, ಹೊಲ ಒಡದಿದ್ದೂ ಕಾರಣ. ಇನ್ನೊಂದು ಕಾರಣ ಯಾರೂ ಹೇಳಂಗಿಲ್ಲ: ಹುಲ್ಲುಗಾವಲು ಅಂದ್ರ "ಪಾಳು ಭೂಮಿ" ಅಂತ ತಿಳಕೊಂಡು ಸರಕಾರದವರ ನೀಲಗಿರಿ ಹಚ್ಚಿದ್ರು. ಬಯಲಾಗ ಓಡೋ ಹಕ್ಕಿ ನೀಲಗಿರಿ ತೋಪಿನ್ಯಾಗ ಏನ್ ಮಾಡಬೇಕು?

ಹಾನಗಲ್ಲ_ಮಲೆನಾಡಿನಂಚು
ನೀಲಗಿರಿ ಅಂದ್ರಿ, ನಮ್ಮಪ್ಪ ನೆನಪಾದ. 1987ರ ನವೆಂಬರ್ 14, ಕುಸನೂರು ಸತ್ಯಾಗ್ರಹ, "ಕಿತ್ತಿಕೋ-ಹಚ್ಚಿಕೋ". ದನ ಮೇಯೋ ಗಾಂವಠಾಣ, ಗೋಮಾಳ ಎಲ್ಲಾ ಕಾಗದ-ನಾರಿನ ಕಚ್ಚಾಮಾಲಿನ ಸಲುವಾಗಿ ನೀಲಗಿರಿಗೆ ಕೊಟ್ಟಿದ್ರು. ಮಂದಿ ಹೋಗಿ ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗ ಬೀಳೋ ಗಿಡ ಹಚ್ಚಿದ್ರು. ಅಪ್ಪ ನೂರು ಸಸಿ ಕಿತ್ತೆ ಅಂತಿದ್ದ, ವರ್ಷಾ ಹೋದಂಗ ಅದು ಐನೂರಕ್ಕ ಬಂದಿತ್ತು.

ಆವಾಗ ಆ ಭೂಮಿ ನುಂಗಾಕ ಬಂದಿದ್ದು ಊರಿನ ಮಂದಿ ಅಲ್ಲ. ಊರಿನ ಮಂದಿ ಉಳಿಸಿಕೊಂಡ್ರು.

ಆದ್ರ ರಾಯಾಪುರದಕ್ಕಾರ ಮಾತನ್ನೂ ತಗದು ಹಾಕಂಗಿಲ್ಲ. ನಮ್ಮ ಅಜ್ಜಗ 24 ಎಕರೆ. ನಾಕು ಮಂದಿ ಮಕ್ಕಳು, ಆರಾರು ಎಕರೆ. ನಾವು ನಾಕು ಮಂದಿ ಅಣ್ಣತಮ್ಮಂದ್ರು, ಒಂದೂವರಿ. ಬದು ಒಡದೀವಿ, ಬದುವಿನ ಮ್ಯಾಲಿನ ಬನ್ನಿ, ಬೇವು ಕಡದೀವಿ, ಯಾಕಂದ್ರ ನೆರಳಿಗೆ ಎರಡು ಸಾಲು ಬೆಳಿ ಹೋಗ್ತೈತಿ. ಒಂದೂವರಿ ಎಕರ್ಯಾಗ ನೆರಳು ಸಾಕೋ ಶಕ್ತಿ ನನಗಿಲ್ಲ. ಇದು ಮಂದಿ ಹೆಚ್ಚಾಗಿದ್ದಕ್ಕ ಆಗಿದ್ದ, ಸುಳ್ಳ್ಯಾಕ ಹೇಳಲಿ?

ರಾಯಾಪುರದಾಕಿ
ಅಂತೂ ಒಬ್ಬರರ ಒಪ್ಪಿದ್ರಲ್ಲ. ಹಾನಗಲ್ಲದ ಅಣ್ಣಾರ, ಶರಣ್ರಿ.

ಕರ್ನಾಟಕ_ಕಾಲೇಜ್_ಹುಡುಗ
ಮಾಲ್ಥಸ್ 1798ರಲ್ಲೇ ಹೇಳಿದ್ದ: ಜನ ಗುಣಾಕಾರದಲ್ಲಿ ಬೆಳೆಯುತ್ತಾರೆ, ಆಹಾರ ಕೂಡುವ ಲೆಕ್ಕದಲ್ಲಿ. ಮಿಕ್ಕ ಜನರನ್ನು ಬರ, ರೋಗ ಒಯ್ಯುತ್ತವೆ. ಪರೀಕ್ಷೆಗೆ ಓದುತ್ತಿದ್ದೇನೆ, ಇಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದೀರಿ.

ಗಣತಿ_ಮಾಸ್ತರ
ತಮ್ಮಾ, ಪರೀಕ್ಷಾಕ್ಕ ಅಷ್ಟ ಬರಿ. ನಮ್ಮ ನಾಡಿನ್ಯಾಗ ಆಗಿದ್ದು ಕೇಳು. 1876-78ರ ಬರದಾಗ ಧಾರವಾಡ, ಕಲಾದಗಿ ಸೀಮಿ ಪೂರಾ ನುಗ್ಗಾತು. 1872ರ ಗಣತಿಗಿಂತ 1881ರಾಗ ಧಾರವಾಡ ಜಿಲ್ಲಾದ ಮಂದಿ ಕಡಿಮಿ ಬಂದ್ರು. ಆವಾಗಿನ ಜಿಲ್ಲಾ ಅಂದ್ರ ಗದಗ, ಹಾವೇರಿ ಕೂಡಿ, ಮಂದಿ ಹತ್ತು ಲಕ್ಷದ ಒಳಗ. ಅದೇ ನೆಲದಾಗ ಈಗ ಮೂರೂ ಜಿಲ್ಲಾ ಕೂಡಿ 2011ಕ್ಕ 45 ಲಕ್ಷ. ಕಡಿಮಿ ಮಂದಿ ಇದ್ದಾಗ ಹಸಿವಿಲೆ ಸತ್ತರು, ಹೆಚ್ಚಾದ ಮ್ಯಾಲ ರೇಷನ್ ಅಕ್ಕಿ ಉಂಡು ಬದುಕ್ಯಾರ. ಆ ಬರದ ಹೊತ್ತಿನ್ಯಾಗೂ ದೇಶದಿಂದ ಧಾನ್ಯ ಹಡಗು ಹತ್ತಿ ಹೋಗತಿತ್ತು. ಬರಕ್ಕ ಮಳಿ ಕಾರಣ, ಸಾವಿಗೆ ಸರಕಾರ ಕಾರಣ.

ಕರ್ನಾಟಕ_ಕಾಲೇಜ್_ಹುಡುಗ
ಸರ್, ಇದನ್ನು ಬರೆದರೆ ಅಂಕ ಕೊಡ್ತಾರಾ?

ಗಣತಿ_ಮಾಸ್ತರ
ನಾ ಪೇಪರ್ ನೋಡಿದ್ರ ಕೊಡ್ತಿದ್ದೆ.

ಬೆಂಗಳೂರಾಗಿನ_ಹುಬ್ಬಳ್ಯಾಂವ
ಇನ್ನೊಂದು ಸೇರಿಸ್ತೀನಿ. ಇಂಗಾಲದ ಡೈಆಕ್ಸೈಡ್ ನೋಡ್ರಿ: ಭಾರತದಾಗ ತಲಾ ವರ್ಷಕ್ಕ ಸುಮಾರು 2 ಟನ್, ಅಮೆರಿಕಾದಾಗ 14 ದಾಟತದ. ಅವರ ಒಂದು ತಲಿಗೆ ನಮ್ಮ ಏಳು ತಲಿ. 2023ರಾಗ ನಾವು ಚೀನಾನ್ನ ದಾಟಿದ್ವಿ ಅಂತ ಟಿ.ವಿ.ಯವ್ರು ಒದರ್ಯಾಡಿದ್ರು. ತಲಿ ದಾಟಿದ್ವಿ, ಹೊಗಿ ದಾಟಿಲ್ಲ.

ರಾಯಾಪುರದಾಕಿ
ಅಮೆರಿಕಾದವ್ರು ನಮ್ಮ ಉಣಕಲ್ ಬೋರಿನ ನೀರು ಕುಡಿಲಿಕ್ಕೆ ಬಂದಾರೇನು? ಹೊಗಿ ಲೆಕ್ಕ ಬ್ಯಾರೆ, ನೀರಿನ ಲೆಕ್ಕ ಬ್ಯಾರೆ. ನೀರು ಊರಿಂದ.

ಬೆಂಗಳೂರಾಗಿನ_ಹುಬ್ಬಳ್ಯಾಂವ
ಇದು ಒಪ್ಪಿದೆ. ಆದ್ರ ಹೊಗಿ ಮಳಿ ಕೆಡಸ್ತದ, ಮಳಿ ಬೋರ್ ಕೆಡಸ್ತದ. 2019ರ ಆಗಸ್ಟ್ ಮರತೀರೇನು? ಅದಕ್ಕೂ ಮೊದಲ ಸಾಲಾಗಿ ಬರ, ನೀರಸಾಗರ ಆಟದ ಬಯಲಾಗಿತ್ತು. ಆ ವಾರ ಒಮ್ಮೆಲೇ ಸುರದು ಕೆರಿ ಕೋಡಿ ಬಿದ್ದು, ನಾಲಾ ಉಕ್ಕಿ ಮನಿ ಹೊಕ್ಕಿತು.

ನವಲಗುಂದ_ಬಂಡಾಯ
ನೀರು ಅಂದ್ರ ಮಹದಾಯಿ ಮಾತ ಯಾರೂ ತಗಿಲಿಲ್ಲ, ನನಗ ಬ್ಯಾಸರಾತು. 2018ರಾಗ ನ್ಯಾಯಮಂಡಳಿ ತೀರ್ಪು ಕೊಡ್ತು, ಕರ್ನಾಟಕಕ್ಕ 13.42 ಟಿಎಂಸಿ, ಅದರಾಗ ಕಳಸಾ-ಬಂಡೂರಿದು 3.9. ಮಲಪ್ರಭಾಕ್ಕ ನೀರ ಬಂದಿದ್ರ ನಿಮ್ಮ ನಳಾನೂ ಬರ್ತಿತ್ತು, ನಮ್ಮ ಕಾಲುವಿನೂ ಹರಿತಿತ್ತು.

ಗದಗಿನ_ಗಾಳಿ
ತರೋಣ, ಬ್ಯಾಡನ್ನೋರು ಯಾರು? ಆದ್ರ ತಂದ ನೀರು ಒಡದ ಪೈಪಿನ್ಯಾಗ ಅರ್ಧ ಸೋರಿ ಹೋದ್ರ ಏನ್ ಮಾಡೋದು? 2008ರ ಸುಮಾರಿಗೆ ಅವಳಿನಗರದ ಕೆಲವು ವಾರ್ಡಿಗೆ 24 ತಾಸಿನ ನೀರು ಕೊಟ್ಟು ತೋರಿಸಿದ್ರಲ್ಲ? ಹೊಸಾ ಪೈಪು, ಮೀಟರು. ಅಲ್ಲಿ ಮಂದಿ ಏನ್ ಕಡಿಮಿ ಇದ್ರೇನು?

ಚಿಗರಿ_ಸವಾರ
ಆ ವಾರ್ಡಿನ್ಯಾಗ ಬಾಡಗಿ ಮನಿ ಹುಡುಕಿದ್ದೆ. ಬೋರ್ಡಿನ ಮ್ಯಾಲ ದೊಡ್ಡ ಅಕ್ಷರದಾಗ "24 ತಾಸು ನೀರು". ಬಾಡಗಿ ಕೇಳಿ ನೀರಿಳೀತು.

ಲೈನ್_ಬಜಾರ್_ಪೇಡಾ
ಅಂದಂಗ ಧಾರವಾಡಕ್ಕ ಬ್ಯಾರೆ ಮಹಾನಗರ ಪಾಲಿಕಿ ಮಾಡಾಕ ಸರಕಾರ ಒಪ್ಪಿತಲ್ಲ. 1962ರಿಂದ ಕೂಡಿ ಇದ್ದ ಅಣ್ಣತಮ್ಮಂದ್ರಿಗೆ 2025ರಾಗ ಬ್ಯಾರೆ ಆಗಾಕ ಒಪ್ಪಿಗಿ ಸಿಕ್ತು. ಮಾಸ್ತರ್ರ ಲೆಕ್ಕದಾಗ ಇನ್ನ ಇದಕ್ಕೂ ಎರಡು ಒಲಿ, ಎರಡು ಸಿಂಟೆಕ್ಸ್.

ಗಣತಿ_ಮಾಸ್ತರ
ಎರಡು ಕಸದ ಗುಡ್ಡ ಮೊದಲಿಂದ ಇದ್ದಾವಲ್ಲ, ಅಂಚಟಗೇರಿ ಕಡೆ ಒಂದು, ಹೊಸಯಲ್ಲಾಪುರದಾಗ ಒಂದು. ಪಾಲು ಮಾಡೋದು ಸುಲಭ.

ವಿಜಯನಗರ_ಎಂಜಿನಿಯರ್
ಉಣಕಲ್ ಕಟ್ಟಿಯವರೇ, ಬೋರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆ 30×40 ಅಂತಿಟ್ಟುಕೊಳ್ಳಿ, ಮಾಳಿಗೆ ಸುಮಾರು 111 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಹಿಡಿದರೂ 78 ಸಾವಿರ ಲೀಟರ್ ಬೀಳುತ್ತದೆ, 60 ಸಾವಿರ ಕೈಗೆ ಸಿಗುತ್ತದೆ. ನಾಲ್ಕು ಮಂದಿಗೆ ನೂರು ದಿನದ ಮೇಲೆ ಬರುವಷ್ಟು. ಈಗ ಅದು ಎಲ್ಲಿಗೆ ಹೋಗುತ್ತಿದೆ? ಗಟಾರಕ್ಕೆ. 40 ಮನೆಗಳದ್ದೂ ಗಟಾರಕ್ಕೆ. ಅದನ್ನು ಇಂಗುಗುಂಡಿ ತೋಡಿ ನೆಲಕ್ಕೆ ಇಳಿಸಿ. ಮೇಲಿನ ಪದರದ ನೀರು ಖಾಲಿಯಾದ ಮೇಲೆ ಕೆಳಗೆ ಬಂಡೆಯ ಸೀಳು ಸಿಕ್ಕರೆ ನೀರು, ಇಲ್ಲದಿದ್ದರೆ ನಿಮ್ಮ ನೆರೆಯವರ ಹಾಗೆ ಧೂಳು. 40 ಬೋರು ಅಂದರೆ ಒಂದೇ ಎಳನೀರಿಗೆ 40 ಸ್ಟ್ರಾ.

ಕುಂದಗೋಳ_ಕೊಡಪಾನ
ಎರಿ ಭೂಮ್ಯಾಗ ಇಂಗುಗುಂಡಿ ಕೆಲಸಾ ಮಾಡಂಗಿಲ್ಲ ಸಾಹೇಬ್ರ. ಒಮ್ಮಿ ಹಸಿ ಆತಂದ್ರ ಗೋಣಿಚೀಲದ ಹಂಗ ಬಾಯಿ ಮುಚ್ಚತದ.

ವಿಜಯನಗರ_ಎಂಜಿನಿಯರ್
ಸರಿ, ಎರೆ ಮಣ್ಣಾದರೆ ಇಂಗಿಸುವುದು ಬಿಟ್ಟು ಸಂಪಿಗೆ ತುಂಬಿಸಿಕೊಳ್ಳಿ. ಇನ್ನೊಂದು, ದಯವಿಟ್ಟು ನಳದ ಪೈಪಿಗೇ ಮೋಟಾರು ಹಚ್ಚುವುದು ಬಿಡಿ. ಒಬ್ಬರು ಎಳೆದರೆ ಏರಿನ ಮೇಲಿನ ಹತ್ತು ಮನೆಗೆ ನೀರು ಏರುವುದಿಲ್ಲ.

ಉಣಕಲ್_ಕಟ್ಟಿ
ಎಲ್ಲಾ ಓದಿದೆ. ಮಾವನವರಿಗೂ ಓದಿ ಹೇಳಿದೆ. ವಾಡೆ ಸುದ್ದಿ ಕೇಳಿ ಸುಮ್ನ ಕುಂತ್ರು, ಅವರದೂ ಗದಗಿನ್ಯಾಗ ಹಂಗ ಒಂದು ಮನಿ ಇತ್ತಂತ. ಆಮ್ಯಾಲ "ಅದೆಲ್ಲಾ ಖರೆ, ಆದ್ರ ಮಂದಿ ಜಾಸ್ತಿ ಆಗ್ಯಾರ" ಅಂದ್ರು.

ತಡೀರಿ, ವಾಲ್‌ಮನ್ ಸೀಟಿ ಹೊಡದ. ನಡುರಾತ್ರಿ 1:40. ನೀರು ಬಂತು, ಮೋಟಾರ್ ಹಚ್ಚಿ ಬರ್ತೀನಿ.

ಏರಿನ_ಮ್ಯಾಲಿನ_ಮನಿ
ಲೇ, ಹಚ್ಚಬ್ಯಾಡೋ! ನಿಮ್ಮ ಹಿಂದಿನ ಓಣ್ಯಾಗ ಇರಾವ ನಾ. ಬಕೆಟ್ ಹಿಡಕೊಂಡು ನಿಂತೀನಿ, ನಳದಾಗ ಬರೇ ಗಾಳಿ ಸುಂಯ್ ಅನ್ನಾಕ್ಹತ್ತೈತಿ.